ಅಷ್ಟಮಿ ನೋಡಿ ಲಂಗರೆತ್ತಿ: ಬೆಂಗಳೂರಿನಿಂದ ಕಾರವಾರದ ದ್ವೀಪಗಳಿಗೆ ಪುಟ್ಟ ಹಾಯಿದೋಣಿಯಲ್ಲಿ

ಮೊದಲ ಸಲ ನಾವು ಹುಣ್ಣಿಮೆ ನೋಡಿಕೊಂಡು ಹೊರಟಿದ್ದೆವು. ಬೆಳದಿಂಗಳಲ್ಲಿ ಕೂರ್ಮಗಡ ದ್ವೀಪದ ಪಕ್ಕ ಲಂಗರು ಹಾಕಿ ಮಲಗಬೇಕು ಅನ್ನೋ ಆಸೆ. ರಾತ್ರಿಯೇನೋ ಚೆನ್ನಾಗಿಯೇ ಇತ್ತು. ಮಾರನೇ ದಿನ ಭಾನುವಾರ, ಸಂಜೆ ರೈಲಿಗೆ ಟಿಕೆಟ್ ಇತ್ತು. ಮಧ್ಯಾಹ್ನ ಮೂರೂವರೆಗೆ ಹಾಯಿ ಏರಿಸಿ ಕಾಳಿ ನದಿಯ ಅಳಿವೆ ಕಡೆ ತಿರುಗಿದೆವು. ದೂರದಿಂದ ಅಳಿವೆಯಲ್ಲಿ ಬಿಳಿ ಗೆರೆ ಕಾಣಿಸಿತು. ಹತ್ತಿರ ಹೋದಾಗ ಗೊತ್ತಾಯಿತು, ಅದು ಮುರಿಯುತ್ತಿರುವ ಅಲೆಗಳ ಸಾಲು. ಹಿಂದಿನಿಂದ ಬಂದ ಒಂದು ಅಲೆ ದೋಣಿಯನ್ನು ಅಡ್ಡ ತಿರುಗಿಸಿತು. ಐಸ್‌ಬಾಕ್ಸ್ ನೀರಿಗೆ ಹೋಯಿತು, ಒಳಗೆ ಮೊಣಕಾಲುದ್ದ ನೀರು. ಹೇಗೋ ಮೂತಿ ತಿರುಗಿಸಿ ಮತ್ತೆ ಕೂರ್ಮಗಡದ ಮರೆಗೆ ಹೋಗಿ ಇನ್ನೊಂದು ರಾತ್ರಿ ಕಳೆದೆವು. ರೈಲು ಹೋಯಿತು. ಸೋಮವಾರ ಬೆಳಗ್ಗೆ ಒದ್ದೆ ಟೀ ಶರ್ಟ್‌ನಲ್ಲೇ ಕೂತು ಮ್ಯಾನೇಜರ್ ಫೋನ್ ಎತ್ತಿದೆ.

ತಪ್ಪು ಗಾಳಿಯದ್ದಲ್ಲ, ದೋಣಿಯದ್ದೂ ಅಲ್ಲ. ಮನೆಯಲ್ಲಿ ಗೋಡೆಗೆ ತೂಗಿಹಾಕಿದ ಕ್ಯಾಲೆಂಡರ್‌ನಲ್ಲಿ ತಿಥಿ ಸರಿಯಾಗಿ ನೋಡಿದ್ದರೆ ಸಾಕಿತ್ತು. ಹಾಗಾಗಿ ಸಾಮಾನಿನ ಪಟ್ಟಿ ಆಮೇಲೆ, ಮೊದಲು ತಿಥಿ.

ತಿಂಗಳು ಮತ್ತು ತಿಥಿ

ಅಕ್ಟೋಬರ್‌ನಿಂದ ಡಿಸೆಂಬರ್ ಮೊದಲ ವಾರಗಳವರೆಗೆ ಅರಬ್ಬಿ ಸಮುದ್ರದಲ್ಲಿ ಚಂಡಮಾರುತದ ಕಾಟ ಇರುತ್ತದೆ. 2017ರ ಓಖಿ ಬಂದದ್ದು ನವೆಂಬರ್ ಕೊನೆ, ಡಿಸೆಂಬರ್ ಶುರುವಿನಲ್ಲಿ. ಡಿಸೆಂಬರ್ ಕೊನೆಯ ವಾರದಿಂದ ಫೆಬ್ರವರಿ ಮಧ್ಯದವರೆಗೆ ಹೋಗುವುದು ಒಳ್ಳೆಯದು. ಸಂಕ್ರಾಂತಿ ಆದ ಮೇಲಿನ ಎರಡು ವಾರ ನನಗೆ ಬಹಳ ಇಷ್ಟ. ಮಾರ್ಚ್ ಹೊತ್ತಿಗೆ ಮಧ್ಯಾಹ್ನದ ಗಾಳಿ ಜಾಸ್ತಿಯಾಗುತ್ತದೆ, ಬಿಸಿಲಂತೂ ಕೇಳಬೇಡಿ.

ಈಗ ತಿಥಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಇಳಿತಗಳ ಅಂತರ ದೊಡ್ಡದು. ಕಾರವಾರದಲ್ಲಿ ಅದು 2 ಮೀಟರ್ ಆಸುಪಾಸು. ಆ ದಿನಗಳಲ್ಲಿ ಉಬ್ಬರ ಹೆಚ್ಚುಕಡಿಮೆ ಮಧ್ಯಾಹ್ನಕ್ಕೆ ಮುಂಚೆ ತುಂಬುತ್ತದೆ, ಆಮೇಲೆ ಸಂಜೆಯವರೆಗೆ ಇಳಿಯುತ್ತಲೇ ಇರುತ್ತದೆ. ಅಂದರೆ ಮಧ್ಯಾಹ್ನವಿಡೀ ನದಿಯ ನೀರು ರಭಸದಿಂದ ಸಮುದ್ರಕ್ಕೆ ನುಗ್ಗುತ್ತಿರುತ್ತದೆ. ಅದೇ ಹೊತ್ತಿಗೆ ಸಮುದ್ರದ ಗಾಳಿ ಎದುರಿನಿಂದ ಬೀಸುತ್ತದೆ. ಗಾಳಿ ಒಂದು ಕಡೆ, ನೀರು ಇನ್ನೊಂದು ಕಡೆ. ಅಳಿವೆಯ ಮರಳು ದಿಬ್ಬದ ಮೇಲೆ ಅಲೆಗಳು ಗೋಡೆಯ ಹಾಗೆ ನಿಲ್ಲುವುದು ಆಗಲೇ. ನಮ್ಮ ಐಸ್‌ಬಾಕ್ಸ್ ಹೋದದ್ದು ಹೀಗೆ.

ಅಷ್ಟಮಿಯ ಆಸುಪಾಸಿನಲ್ಲಿ ಲೆಕ್ಕ ತಿರುಗುತ್ತದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ, ಒಂದು ವಾರದಲ್ಲಿ ಸುಮಾರು ಆರು ಗಂಟೆ ಸರಿದಿರುತ್ತದೆ. ಆಗ ಬೆಳಗಿನ ಜಾವ ಒಂದು ಉಬ್ಬರ, ಸಂಜೆ ಐದಾರರ ಹೊತ್ತಿಗೆ ಇನ್ನೊಂದು. ಬೆಳಗ್ಗೆ ಇಳಿಯುವ ನೀರಿನ ಜೊತೆ ಹೊರಗೆ, ಮಧ್ಯಾಹ್ನ ಏರುವ ನೀರಿನ ಜೊತೆ ಒಳಗೆ. ಏರಿಳಿತದ ಅಂತರವೂ ಕಮ್ಮಿ, ಸೆಳೆತವೂ ಕಮ್ಮಿ. ಬೆಳದಿಂಗಳು ಅರ್ಧ ಸಿಗುತ್ತದೆ, ಅಷ್ಟೇ ಸಾಕು.

ಇದು ಅಂದಾಜು ಮಾತ್ರ. ತಿಥಿ ನೋಡಿ ವಾರಾಂತ್ಯ ಆರಿಸಿಕೊಳ್ಳಿ, ಆಮೇಲೆ ಕಾರವಾರದ ಟೈಡ್ ಟೇಬಲ್‌ನಲ್ಲಿ, ಅಂದರೆ ಉಬ್ಬರ ಇಳಿತದ ವೇಳಾಪಟ್ಟಿಯಲ್ಲಿ, ಗಂಟೆ ನಿಮಿಷ ನೋಡಿ ಕೈಯಿಂದಲೇ ಒಂದು ಕಾಗದಕ್ಕೆ ಬರೆದುಕೊಳ್ಳಿ. ಫೋನ್ ಒದ್ದೆಯಾದರೂ ಪ್ಲಾಸ್ಟಿಕ್ ಕವರ್‌ನೊಳಗಿನ ಕಾಗದ ಉಳಿಯುತ್ತದೆ.

ಗಾಳಿ ಗಡಿಯಾರ ನೋಡಿ ಬೀಸುತ್ತದೆ

ಚಳಿಗಾಲದಲ್ಲಿ ನಮ್ಮ ಕರಾವಳಿಯ ಗಾಳಿಗೆ ಒಂದು ದಿನಚರಿ ಇದೆ. ರಾತ್ರಿ ನೆಲ ತಣ್ಣಗಾಗುತ್ತದೆ, ಘಟ್ಟದ ಕಡೆಯಿಂದ ಮೂಡುಗಾಳಿ ಸಮುದ್ರಕ್ಕೆ ಬೀಸುತ್ತದೆ. ಬೆಳಗ್ಗೆ ಒಂಬತ್ತು ಹತ್ತರವರೆಗೂ ಅದು ಇರುತ್ತದೆ. ಆಮೇಲೆ ಒಂದೆರಡು ಗಂಟೆ ಎಲೆಯೂ ಅಲ್ಲಾಡುವುದಿಲ್ಲ, ಹಾಯಿ ಒಣಗಿಸಿದ ಪಂಚೆಯ ಹಾಗೆ ಜೋತಾಡುತ್ತದೆ. ಹನ್ನೆರಡು ದಾಟಿದ ಮೇಲೆ ವಾಯವ್ಯದಿಂದ ಸಮುದ್ರದ ಗಾಳಿ ಶುರು. ಎರಡರಿಂದ ಐದರವರೆಗೆ ಅದರ ಜೋರು. ಸೂರ್ಯ ಮುಳುಗಿದ ಮೇಲೆ ಸುಮ್ಮನಾಗುತ್ತದೆ.

ಹೀಗಾಗಿ ದಿನದ ಯೋಜನೆ ತಾನೇ ಹುಟ್ಟಿಕೊಳ್ಳುತ್ತದೆ. ಬೆಳಗ್ಗೆ ಏಳಕ್ಕೆ ಮೂಡುಗಾಳಿ ಹಿಡಿದು ಹೊರಗೆ. ಗಾಳಿ ಸತ್ತ ಹೊತ್ತಿನಲ್ಲಿ ಲಂಗರು ಹಾಕಿ ಊಟ, ಈಜು. ಮಧ್ಯಾಹ್ನದ ಗಾಳಿಯಲ್ಲಿ ವಾಪಸ್. ಗಾಳಿ ಇಲ್ಲದಿದ್ದಾಗ ಬೇಜಾರಾಗಿ ಎಂಜಿನ್ ಹಾಕಿಕೊಂಡು ಪೆಟ್ರೋಲ್ ಸುಡುವವರು ಸಂಜೆ ನಿಜವಾಗಿ ಬೇಕಾದಾಗ ಖಾಲಿ ಕ್ಯಾನ್ ಅಲ್ಲಾಡಿಸುತ್ತಾರೆ. ನಾನೂ ಅಲ್ಲಾಡಿಸಿದ್ದೇನೆ.

ಹೊರಡುವ ನಾಲ್ಕು ದಿನ ಮುಂಚಿನಿಂದ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಅಲೆಗಳ ಮುನ್ಸೂಚನೆ ಮತ್ತು ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆ ಎರಡನ್ನೂ ದಿನಾ ನೋಡಿ. ಮೀನುಗಾರರು ಕಡಲಿಗಿಳಿಯಬಾರದು ಅಂತ ಸೂಚನೆ ಬಂದರೆ ಮಾತೇ ಇಲ್ಲ, ಕ್ಯಾನ್ಸಲ್. ನಮ್ಮ ಗುಂಪಿನ ಇನ್ನೊಂದು ನಿಯಮ: ಗಾಳಿ 15 ನಾಟ್ (ಗಂಟೆಗೆ ಸುಮಾರು 28 ಕಿಲೋಮೀಟರ್) ದಾಟುತ್ತದೆ ಅಂತಿದ್ದರೆ ಅಳಿವೆಯ ಒಳಗೇ ಇರುವುದು. 20 ಅಡಿಯ ದೋಣಿಗೆ ಅದಕ್ಕಿಂತ ಜಾಸ್ತಿ ಶೌರ್ಯ ಬೇಡ.

ಬೆಂಗಳೂರಿನಲ್ಲೇ ಕಲಿಯಬೇಕಾದ್ದು

ಸಮುದ್ರ ಇಲ್ಲದ ಊರಲ್ಲಿ ಹಾಯಿ ಕಲಿಯುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಹಲಸೂರು ಕೆರೆಯಲ್ಲಿ ಸೇನೆಯ ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರ ಸೇಲಿಂಗ್ ಬಹಳ ಹಳೆಯದು. ಅಲ್ಲಿನ ಕ್ಲಬ್ಬಿಗೆ ತೃಷ್ಣಾ ಅಂತ ಹೆಸರು. 1985ರಿಂದ 87ರವರೆಗೆ ಸೇನೆಯ ಎಂಜಿನಿಯರುಗಳು ಭೂಮಿ ಸುತ್ತಿ ಬಂದ ಹಾಯಿನೌಕೆಯ ಹೆಸರೂ ಅದೇ. ಅಲ್ಲಿ ಅವಕಾಶ ಸಿಗದಿದ್ದರೆ ಮೈಸೂರಿನ ಕಡೆ ಕೆಆರ್‌ಎಸ್ ಹಿನ್ನೀರಿದೆ. ಗೋವಾದಲ್ಲಿ ಕೇಂದ್ರ ಸರ್ಕಾರದ ಜಲಕ್ರೀಡಾ ಸಂಸ್ಥೆಯೂ ಇದೆ.

ಕೆರೆಯ ಗಾಳಿ ಕಟ್ಟಡಗಳ ಸಂದಿನಿಂದ ನುಸುಳಿ ಬಂದು ದಿಕ್ಕು ತಪ್ಪಿಸುತ್ತದೆ. ಅದು ಒಳ್ಳೆಯದೇ, ಕೈ ಚುರುಕಾಗುತ್ತದೆ. ಆದರೆ ಕೆರೆಯಲ್ಲಿ ಅಲೆ ಇಲ್ಲ, ಸೆಳೆತ ಇಲ್ಲ. ಹಾಗಾಗಿ ಹೊರಡುವ ಮೊದಲು ಮೂರು ಕೆಲಸ ಕಣ್ಣು ಮುಚ್ಚಿಕೊಂಡೂ ಬರಬೇಕು. ಒಂದು, ಓಡುತ್ತಿರುವಾಗಲೇ ದೊಡ್ಡ ಹಾಯಿಯನ್ನು ಅರ್ಧಕ್ಕೆ ಇಳಿಸಿ ಕಟ್ಟುವುದು, ಅಂದರೆ ರೀಫ್ ಮಾಡುವುದು. ನಾವು ಇದನ್ನು ಗಡಿಯಾರ ಹಿಡಿದು ಅಭ್ಯಾಸ ಮಾಡಿದೆವು. ಮೊದಲು ಒಂಬತ್ತು ನಿಮಿಷ ಹಿಡಿಯಿತು, ಕೊನೆಗೆ ಎರಡೂವರೆಗೆ ಬಂತು. ಎರಡನೆಯದು, ನೀರಿಗೆ ಬಿದ್ದವರನ್ನು ಹಾಯಿಯಲ್ಲೇ ತಿರುಗಿ ಬಂದು ಎತ್ತಿಕೊಳ್ಳುವುದು. ಹಳೇ ಜೀನ್ಸ್‌ಗೆ ನೀರಿನ ಬಾಟಲಿ ತುಂಬಿ ಕೆರೆಗೆಸೆದು ನೋಡಿ, ಒದ್ದೆ ಮನುಷ್ಯ ಎಷ್ಟು ಭಾರ ಅಂತ ಅಂದಾಜಾಗುತ್ತದೆ. ಮೂರನೆಯದು, ಎಂಜಿನ್ ಇಲ್ಲದೆ ಲಂಗರು ಹಾಕಿ, ಎಂಜಿನ್ ಇಲ್ಲದೆ ಎತ್ತಿ ಹೊರಡುವುದು.

ಕಾಗದ ಪತ್ರ, ಮತ್ತು ಹೋಗಲೇಬಾರದ ಜಾಗ

ಕಾರವಾರ ನೌಕಾಪಡೆಯ ಊರು. ಬಂದರಿನ ದಕ್ಷಿಣಕ್ಕೆ ಬಿಣಗಾ, ಅರಗಾ ಕಡೆ ಕದಂಬ ನೌಕಾನೆಲೆ. ನಕಾಶೆಯಲ್ಲಿ ಚೆಂದ ಕಾಣುವ ಅಂಜದೀವ ದ್ವೀಪವೂ ನೌಕಾಪಡೆಯ ಕೈಯಲ್ಲಿದೆ. 1498ರಲ್ಲಿ ವಾಸ್ಕೋ ಡ ಗಾಮಾ ತಂಗಿದ್ದ ಜಾಗ, ಪೋರ್ಚುಗೀಸರ ಕೋಟೆ ಇದೆ, ಎಲ್ಲಾ ನಿಜ. ಆದರೂ ಆ ಕಡೆ ಮೂತಿ ಹಾಕಬೇಡಿ. ನಿಮ್ಮ ಯಾನ ಪೂರ್ತಿ ಬಂದರಿನ ಉತ್ತರಕ್ಕೇ ಇರಲಿ: ಕಾಳಿ ಅಳಿವೆ, ಕೂರ್ಮಗಡ, ದೇವಗಡ, ಮಾಜಾಳಿ. ಮೂರು ದಿನಕ್ಕೆ ಅಷ್ಟು ಧಾರಾಳ.

ಬಂದರು ಕಚೇರಿಗೆ ಮತ್ತು ಕರಾವಳಿ ಕಾವಲು ಪೊಲೀಸರಿಗೆ ಮೂರು ವಾರ ಮೊದಲೇ ಪತ್ರ ಕೊಡಿ. ದೋಣಿಯ ಫೋಟೋ, ನೋಂದಣಿ ಕಾಗದ, ಹಾಯಿಯ ಬಣ್ಣ, ಯಾರ್ಯಾರು ಇರುತ್ತೀರಿ, ಯಾವ ದಿನ ಎಲ್ಲಿ, ರಾತ್ರಿ ಎಲ್ಲಿ ಲಂಗರು, ಎಲ್ಲಾ ಇರಲಿ. ಅನುಮತಿ ಕೈಗೆ ಬಂದ ಮೇಲೆ ರಜೆ ಹಾಕಿ. ಕಾವಲು ದೋಣಿ ಪಕ್ಕಕ್ಕೆ ಬಂದರೆ ಹಾಯಿ ಇಳಿಸಿ ನಿಲ್ಲಿಸಿ, ಆಧಾರ್ ತೋರಿಸಿ, ನಗುತ್ತಾ ಮಾತಾಡಿ. ಎರಡೇ ನಿಮಿಷದ ಕೆಲಸ.

ಡ್ರೋನ್ ಬೇಡವೇ ಬೇಡ. ಸ್ಯಾಟಲೈಟ್ ಫೋನ್, ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಪುಟ್ಟ ಸಾಧನ ಕೂಡ ಪರವಾನಗಿ ಇಲ್ಲದೆ ನಮ್ಮ ದೇಶದಲ್ಲಿ ಅಪರಾಧ. ಅಮೆರಿಕದಿಂದ ಭಾವ ತಂದುಕೊಟ್ಟದ್ದು ಕಪಾಟಿನಲ್ಲೇ ಇರಲಿ. ದೋಣಿಗಳು ತಮ್ಮತಮ್ಮಲ್ಲಿ, ದಡದ ಜೊತೆ ಮಾತಾಡುವ ವಿಎಚ್‌ಎಫ್ ರೇಡಿಯೊಗೂ ಲೈಸೆನ್ಸ್ ಬೇಕು. ಮಾಡಿಸಿಕೊಳ್ಳಿ, ತುರ್ತು ಕರೆಯ 16ನೇ ಚಾನಲ್ ಮೇಲೆ ಕಿವಿ ಇರಲಿ. ಕೋಸ್ಟ್ ಗಾರ್ಡ್ ನಂಬರ್ 1554, ಕರಾವಳಿ ಪೊಲೀಸರದ್ದು 1093. ಎರಡನ್ನೂ ದೋಣಿಯ ಒಳಗೋಡೆಗೆ ಪೇಂಟಿನಲ್ಲಿ ಬರೆದುಬಿಡಿ.

ಲೈಫ್ ಜಾಕೆಟ್ ವಿಷಯದಲ್ಲಿ ಚರ್ಚೆ ಬೇಡ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆಯಿಂದ ವಾಪಸಾಗುತ್ತಿದ್ದ ದೋಣಿ ಇದೇ ನೀರಿನಲ್ಲಿ ಮಗುಚಿ ಹನ್ನೆರಡಕ್ಕೂ ಹೆಚ್ಚು ಜನ ತೀರಿಹೋದರು. ದಡ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿತ್ತು.

ದೋಣಿಯನ್ನು ಘಟ್ಟ ಇಳಿಸುವುದು

ಕಾರವಾರ ಬೆಂಗಳೂರಿಂದ 500 ಕಿಲೋಮೀಟರ್ ಮೇಲೆ. ಹುಬ್ಬಳ್ಳಿವರೆಗೆ ಹೈವೇ ಸಲೀಸು. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಾಟ್, ಲಾರಿಗಳ ಸಾಲು. ಟ್ರೇಲರ್ ಎಳೆದುಕೊಂಡು ಅದನ್ನು ರಾತ್ರಿ ಇಳಿಯಬೇಡಿ. ಚಿತ್ರದುರ್ಗದಲ್ಲೊಮ್ಮೆ, ಹುಬ್ಬಳ್ಳಿಯಲ್ಲೊಮ್ಮೆ ನಿಲ್ಲಿಸಿ ಟ್ರೇಲರ್ ಚಕ್ರದ ನಡುಭಾಗ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಿದ್ದರೆ ಬೇರಿಂಗ್ ಕೈಕೊಡುವ ಸೂಚನೆ. ಬಿಸಿ ಬೇರಿಂಗನ್ನು ಹಾಗೇ ಉಪ್ಪುನೀರಿಗೆ ಇಳಿಸಿದರೆ ಒಳಗೆ ನೀರು ಹೀರಿಕೊಳ್ಳುತ್ತದೆ. ಒಂದು ಚಹಾ ಕುಡಿದು ಬಂದ ಮೇಲೆ ಇಳಿಸಿ. ಹಿಂದಕ್ಕೆ ಚಾಚಿದ ಹಾಯಿಕಂಬದ ತುದಿಗೆ ಕೆಂಪು ಬಟ್ಟೆ ಕಟ್ಟಿ.

ಮೂವರಲ್ಲಿ ಒಬ್ಬರು ಗಾಡಿ ಓಡಿಸಲಿ, ಇನ್ನೊಬ್ಬರು ಜೊತೆಗಿರಲಿ, ಮೂರನೆಯವರು ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ರಾತ್ರಿ ನಿದ್ದೆ ಮಾಡಿ ಬರಲಿ. ದೋಣಿ ಇಳಿಸುವ ಹೊತ್ತಿಗೆ ನಿದ್ದೆಯಾದ ಒಂದು ತಲೆ ಬೇಕು.

ನೀರು, ಊಟ, ಬಟ್ಟೆ

ನೀರು ತಲೆಗೆ ದಿನಕ್ಕೆ 4 ಲೀಟರ್. ಮೂರು ಜನ, ಮೂರು ದಿನ, ಜೊತೆಗೆ ಒಂದು ದಿನ ಕೈಯಲ್ಲಿ ಹೆಚ್ಚಿಗೆ: 48 ಲೀಟರ್. ಒಂದೇ ದೊಡ್ಡ ಕ್ಯಾನ್ ಬೇಡ, 5 ಲೀಟರಿನ ಹತ್ತು ಕ್ಯಾನ್ ಇರಲಿ. ಒಂದು ಒಡೆದರೆ ಒಂದೇ ಹೋಗುತ್ತದೆ. ಭಾರವೂ ಎರಡೂ ಬದಿಗೆ ಸಮ ಹಂಚಬಹುದು.

ದೋಣಿಯಲ್ಲಿ ಅಡುಗೆ ಮಾಡುವ ಆಸೆ ಬಿಟ್ಟುಬಿಡಿ. ಚಪಾತಿ, ಚಟ್ನಿಪುಡಿ, ಅವಲಕ್ಕಿ, ಮೊಸರು, ಬಾಳೆಹಣ್ಣು, ಹುರಿಗಡಲೆ. ವಾಂತಿ ಬರುವವರಿಗೆ ಶುಂಠಿ ಸ್ವಲ್ಪ ಸಹಾಯ ಮಾಡುತ್ತದೆ. ಡಾಕ್ಟರನ್ನು ಕೇಳಿ ಮಾತ್ರೆಯನ್ನೇ ತಂದುಕೊಳ್ಳಿ, ಹೊಟ್ಟೆ ತೊಳೆಸಲು ಶುರುವಾಗುವ ಮೊದಲೇ ತೆಗೆದುಕೊಳ್ಳಿ. ನಮ್ಮ ಗೆಳೆಯ ವಾಂತಿ ಮಾಡಿಕೊಂಡ ಮೇಲೆ ನುಂಗಿದ, ಅದೂ ಹೊರಗೆ ಬಂತು.

ಚಳಿಗಾಲ ಅಂದ ತಕ್ಷಣ ಬೆಂಗಳೂರಿನವರು ಸ್ವೆಟರ್ ತುಂಬುತ್ತೇವೆ. ಜನವರಿಯಲ್ಲೂ ಕಾರವಾರದ ಮಧ್ಯಾಹ್ನ 32 ಡಿಗ್ರಿ ದಾಟುತ್ತದೆ. ಬೇಕಾಗಿರುವುದು ಉದ್ದ ತೋಳಿನ ತೆಳು ಅಂಗಿ, ಗಲ್ಲಕ್ಕೆ ಕಟ್ಟುವ ಟೋಪಿ. ಬೆಳಗಿನ ಮೂಡುಗಾಳಿಗೆ ಒಂದು ವಿಂಡ್‌ಚೀಟರ್ ಸಾಕು.

ದಿನದಿನದ ಲೆಕ್ಕ

ಪುಟ್ಟ ಹಾಯಿದೋಣಿ ಸರಾಸರಿ 3 ನಾಟ್ ಹೋಗುತ್ತದೆ, ಗಂಟೆಗೆ ಐದೂವರೆ ಕಿಲೋಮೀಟರ್. ಅದರ ಮೇಲೆ ಲೆಕ್ಕ ಹಾಕಬೇಡಿ.

ಮೊದಲ ದಿನ ಅಳಿವೆಯ ಒಳಗೇ ಇರಿ. ಹಾಯಿಕಂಬ ನಿಲ್ಲಿಸಿ, ಎಲ್ಲಾ ಹಗ್ಗ ಎಳೆದು ನೋಡಿ. ಸೇತುವೆ ಕಡೆ ಹೋಗಬೇಡಿ. ಕಾಳಿಯ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದು ಬಿದ್ದದ್ದು ನೆನಪಿರಬಹುದು. ಅದಲ್ಲದೆ ನಿಮ್ಮ ಹಾಯಿಕಂಬಕ್ಕೂ ಸೇತುವೆಗೂ ಆಗಿಬರುವುದಿಲ್ಲ. ಸಂಜೆ ಕೋಡಿಬಾಗದ ಕಡೆ ದಡದಲ್ಲಿ ಬಲೆ ಹೆಣೆಯುತ್ತಿರುವ ಯಾರಾದರೂ ಹಿರಿಯರ ಪಕ್ಕ ಕೂತು, ಈ ವರ್ಷ ಮರಳು ದಿಬ್ಬ ಎಲ್ಲಿದೆ ಅಂತ ಕೇಳಿ. ಪ್ರತಿ ಮಳೆಗಾಲದಲ್ಲೂ ಅದು ಜಾಗ ಬದಲಿಸುತ್ತದೆ, ನಕಾಶೆ ನಂಬುವ ಹಾಗಿಲ್ಲ. ನನಗೊಬ್ಬರು ಮರಳಿನ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದು ತೋರಿಸಿ, "ಹೊಟೇಲ್ ಬೋರ್ಡು ಮತ್ತು ಆ ತೆಂಗಿನ ಮರ ಒಂದೇ ಸಾಲಿಗೆ ಬರೋವರೆಗೆ ತಿರುಗ್ಬೇಡಿ ಮಾರಾಯ್ರೆ" ಅಂದರು. ಯಾವ ಆ್ಯಪೂ ಅಷ್ಟು ಚೆನ್ನಾಗಿ ಹೇಳಿಲ್ಲ.

ಎರಡನೇ ದಿನ ಬೆಳಗ್ಗೆ ಏಳಕ್ಕೆ ಹೊರಗೆ. ಕೂರ್ಮಗಡ ಅಳಿವೆಯಿಂದ ನಾಲ್ಕೈದು ಕಿಲೋಮೀಟರ್, ಹೆಸರಿಗೆ ತಕ್ಕ ಹಾಗೆ ಆಮೆಯ ಬೆನ್ನಿನಂತೆ ಕಾಣುತ್ತದೆ. ಮೊದಲು ಅದನ್ನು ದಾಟಿ ಇನ್ನೂ ಪಡುವಣಕ್ಕಿರುವ ದೇವಗಡದ ದೀಪಸ್ತಂಭದವರೆಗೆ ಹೋಗಿ, ಬಂಡೆಗಳಿಂದ ದೂರ ನಿಂತು ನೋಡಿ, ಇಳಿಯುವ ಗೋಜಿಗೆ ಹೋಗಬೇಡಿ. ಮೂಡುಗಾಳಿ ಸಾಯುವ ಮೊದಲೇ ತಿರುಗಿ ಕೂರ್ಮಗಡದ ಪಕ್ಕ ಲಂಗರು. ರಾತ್ರಿ ಅಲ್ಲೇ.

ಮೂರನೇ ದಿನ ಮಾಜಾಳಿ ಕಡೆ ಒಂದು ಸುತ್ತು, ಮಧ್ಯಾಹ್ನ ಏರುವ ನೀರಿನಲ್ಲಿ ಒಳಗೆ. ಸೂರ್ಯ ಆರೂಕಾಲರ ಹೊತ್ತಿಗೆ ಮುಳುಗುತ್ತಾನೆ. ನಾಲ್ಕೂವರೆಗೆ ನೀವು ಅಳಿವೆಯ ಒಳಗಿರಬೇಕು.

ನಾಲ್ಕನೇ ದಿನದ ಪುಟ ಖಾಲಿ ಬಿಡಿ. ಅದು ಗಾಳಿಯ ದಿನ. ರಜೆ ಹಾಕುವಾಗಲೇ ಸೋಮವಾರ ಸೇರಿಸಿ ಹಾಕಿ, ವಾಪಸ್ ಟಿಕೆಟ್ ಸೋಮವಾರ ರಾತ್ರಿಗೆ ಮಾಡಿ. ಅಂದು ನಮ್ಮನ್ನು ಮುರಿಯುವ ಅಲೆಗೆ ತಳ್ಳಿದ್ದು ಭಾನುವಾರದ ಟಿಕೆಟ್ಟು.

ಲಂಗರು: ರಾತ್ರಿ ದ್ವೀಪ ಹಿಂದಕ್ಕೆ ಬರುತ್ತದೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಮಧ್ಯಾಹ್ನ ವಾಯವ್ಯದ ಗಾಳಿ ಇರುವಾಗ ದ್ವೀಪದ ಆಗ್ನೇಯ ಬದಿ ಮರೆಯಾಗಿರುತ್ತದೆ. ಎಲ್ಲರೂ ಅಲ್ಲೇ ಹಾಕುತ್ತಾರೆ, ಸರಿಯೇ. ಆದರೆ ನಡುರಾತ್ರಿ ಗಾಳಿ ತಿರುಗಿ ಪೂರ್ವದಿಂದ ಬೀಸುತ್ತದೆ. ಸಂಜೆ ದೋಣಿಯ ಮೂತಿ ದ್ವೀಪದ ಕಡೆ ಇತ್ತು, ಈಗ ಹಿಂಭಾಗ ದ್ವೀಪದ ಕಡೆ. ಸಂಜೆ "ಬಂಡೆ ದೂರ ಇದೆ ಬಿಡು" ಅಂದದ್ದು ಈಗ ಚುಕ್ಕಾಣಿಯ ಪಕ್ಕದಲ್ಲೇ ಕಪ್ಪಗೆ ನಿಂತಿರುತ್ತದೆ. ಹಾಗಾಗಿ ಲಂಗರು ಹಾಕುವಾಗಲೇ ಹಗ್ಗದ ಪೂರ್ತಿ ಉದ್ದದ ವೃತ್ತ ಮನಸ್ಸಿನಲ್ಲಿ ಎಳೆದುಕೊಳ್ಳಿ, ಆ ವೃತ್ತದೊಳಗೆ ಒಂದೂ ಬಂಡೆ ಬರಬಾರದು.

ಹಗ್ಗದ ಲೆಕ್ಕ: ಇಳಿತದಲ್ಲಿ ಆಳ 4 ಮೀಟರ್, ಉಬ್ಬರ ಬಂದರೆ ಅದರ ಮೇಲೆ 2, ದೋಣಿಯ ಮೂತಿ ನೀರಿನಿಂದ ಅರ್ಧ ಮೀಟರ್ ಎತ್ತರ. ಒಟ್ಟು ಆರೂವರೆ. ಅದರ ಐದು ಪಟ್ಟು, ಅಂದರೆ 33 ಮೀಟರ್ ಹತ್ತಿರ ಹಗ್ಗ ಬಿಡಬೇಕು. ಗಾಳಿ ಜೋರಿದ್ದರೆ ಏಳು ಪಟ್ಟು. ಲಂಗರಿನ ಹತ್ತಿರ 5 ಮೀಟರ್ ಸರಪಳಿ ಇರಲಿ. ತಳ ಮರಳಿದೆಯೋ ಕಲ್ಲಿದೆಯೋ ತಿಳಿಯಲು ದಾರಕ್ಕೆ ಕಟ್ಟಿದ ಸೀಸದ ಗುಂಡಿಗೆ ಅಡಿಯಲ್ಲಿ ಗ್ರೀಸ್ ಮೆತ್ತಿ ಬಿಡಿ. ಮರಳು ಅಂಟಿ ಬಂದರೆ ಹಾಕಿ, ಬರಿದೇ ಬಂದರೆ ಜಾಗ ಬದಲಿಸಿ.

ಹಾಕಿದ ಮೇಲೆ ಬರಿಗಾಲನ್ನು ಹಗ್ಗದ ಮೇಲಿಡಿ. ಹಗ್ಗ ಸುಮ್ನೆ ಬಿಗಿಯಾಗಿ ಸಡಿಲವಾದರೆ ಲಂಗರು ಕಚ್ಚಿದೆ. ಪಾದಕ್ಕೆ ಗರಗರ ನಡುಕ ಬಂದರೆ ಅದು ತಳದ ಮೇಲೆ ಎಳೆದುಕೊಂಡು ಹೋಗುತ್ತಿದೆ. ರಾತ್ರಿ ಹನ್ನೊಂದಕ್ಕೆ, ಎರಡಕ್ಕೆ, ಐದಕ್ಕೆ ಒಬ್ಬೊಬ್ಬರಾಗಿ ಎದ್ದು ಇದೇ ಪರೀಕ್ಷೆ ಮಾಡಿ. ಕಂಬದ ಮೇಲೆ ಸುತ್ತಲೂ ಕಾಣುವ ಬಿಳಿ ದೀಪ ಉರಿಯುತ್ತಿರಲಿ. ಬೆಳಗಿನ ಜಾವ ಮೀನಿಗೆ ಹೋಗುವ ದೋಣಿಗಳು ನಿಮ್ಮನ್ನು ಅಲ್ಲಿ ನಿರೀಕ್ಷಿಸುವುದಿಲ್ಲ.

ಬಲೆಗಳ ನಡುವೆ

ತೇಲುವ ಥರ್ಮೋಕೋಲ್ ತುಂಡು, ಖಾಲಿ ಪ್ಲಾಸ್ಟಿಕ್ ಬಾಟಲಿ, ಬಿದಿರಿಗೆ ಕಟ್ಟಿದ ಬಾವುಟ, ಇವೆಲ್ಲ ಕಸ ಅಲ್ಲ, ಬಲೆಯ ಗುರುತು. ಎರಡು ಗುರುತುಗಳ ನಡುವೆ ಹೋಗಬೇಡಿ. ಬಿಸಿಲಿಗೆ ಎದುರಾಗಿ ಹೋಗುವಾಗ ಇವು ಕಾಣುವುದೇ ಇಲ್ಲ, ಒಬ್ಬರು ಮೂತಿಯಲ್ಲಿ ನಿಂತು ಕೈ ಸನ್ನೆ ಮಾಡಲಿ. ದಡದ ಹತ್ತಿರ ರಂಪಣಿ ಬಲೆ ಎಳೆಯುತ್ತಿದ್ದರೆ ಇನ್ನೂ ದೂರ ಸುತ್ತಿ ಹೋಗಿ. ಅರ್ಧ ಊರಿನ ಅಂದಿನ ಅನ್ನ ಆ ಬಲೆಯಲ್ಲಿರುತ್ತದೆ. ಎಂಜಿನ್ ಪಂಖಕ್ಕೆ ಹಗ್ಗ ಸಿಕ್ಕಿಕೊಂಡರೆ ಮೊದಲು ಎಂಜಿನ್ ಆರಿಸಿ, ಮೇಲಕ್ಕೆ ಬಾಗಿಸಿ, ಕೈಯಲ್ಲೇ ಬಿಡಿಸಲು ನೋಡಿ. ಕತ್ತರಿಸಲೇಬೇಕಾದರೆ ಎರಡು ತುದಿಯನ್ನೂ ಮತ್ತೆ ಗಂಟು ಹಾಕಿ ಬಿಡಿ. ದಡಕ್ಕೆ ಬಂದು ಬಲೆ ಯಾರದೆಂದು ಕೇಳಿ, ನಷ್ಟ ಕೊಡಿ.

ಬೆಂಗಳೂರಿಗೆ ವಾಪಸ್ ಬಂದ ದಿನವೇ ಮಾಡುವ ಕೆಲಸ

ದೊಡ್ಡ ಡ್ರಮ್ಮಿನಲ್ಲಿ ಸಿಹಿನೀರು ತುಂಬಿ ಎಂಜಿನ್ನಿನ ಕಾಲು ಅದ್ದಿ, ಹತ್ತು ನಿಮಿಷ ಓಡಿಸಿ ಒಳಗಿನ ಉಪ್ಪು ತೆಗೆಯಿರಿ. ಹಾಯಿ, ಹಗ್ಗ, ಲೈಫ್ ಜಾಕೆಟ್ ಎಲ್ಲವನ್ನೂ ತೊಳೆದು ನೆರಳಲ್ಲಿ ಒಣಗಿಸಿ. ನಾನು ನಮ್ಮ ಅಪಾರ್ಟ್‌ಮೆಂಟ್ ತಾರಸಿಯ ಟ್ಯಾಂಕ್ ನೆರಳಿನಲ್ಲಿ ಹಾಯಿ ಹರಡುತ್ತೇನೆ. ಟ್ಯಾಂಕರ್ ನೀರಿನಲ್ಲಿ ದೋಣಿ ತೊಳೆಯುವುದಕ್ಕೆ ಅಸೋಸಿಯೇಷನ್‌ನವರು ಮೊದಲ ವರ್ಷ ಜಗಳಕ್ಕೆ ಬಂದಿದ್ದರು. ಈಗ ಎರಡು ಡ್ರಮ್ ಮಳೆನೀರು ಹಿಡಿದಿಟ್ಟುಕೊಂಡಿದ್ದೇನೆ. ಕಳೆದ ಸಲ ಸೆಕ್ರೆಟರಿ ಮೇಲೆ ಬಂದು, ಹಾಯಿಯ ಅಂಚಿಗೆ ಅಂಟಿದ್ದ ಮರಳು ಉಜ್ಜಿ ನೋಡಿ, ಮುಂದಿನ ಅಷ್ಟಮಿ ಯಾವಾಗ ಅಂತ ಕೇಳಿದರು.